ಪದಚರ್ಚೆ: ‘ಟೀಟೋಟಲರ್’ – ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಪಾನವಿರೋಧಿ ಚಳವಳಿಯ ಕುರಿತ ಲೇಖನವೊಂದನ್ನು ಅನುವಾದಿಸುತ್ತಿದ್ದೇನೆ. ನಾಳೆ ಸಂಜೆಯೊಳಗೆ ಅಚ್ಚಿಗೆ ಹೋಗಬೇಕು. ಮದ್ಯ ಮುಟ್ಟದವನು ಎಂಬ ಅರ್ಥದ ‘ಟೀಟೋಟಲರ್’ ಎಂಬುದಕ್ಕೆ ಸದ್ಯ ‘ಪಾನಸಂಯಮಿ’ ಎಂದಿಟ್ಟಿದ್ದೇನೆ. ಕರಡು ತಿದ್ದುವವರು ‘ಹೆಂಡದ ಬದಲು ಟೀ ಕುಡಿಯುವವನು’ ಎಂದು ಅಡಿಟಿಪ್ಪಣಿ ಹಾಕಲು ಹೇಳುತ್ತಿದ್ದಾರೆ. ಹಾಕಬಹುದೇ? ಶೀರ್ಷಿಕೆಯಲ್ಲೂ ಬರುವ ಪದ, ಚಿಕ್ಕದಾಗಿದ್ದಷ್ಟೂ ಒಳ್ಳೆಯದು.

*

ಮರು: ಟೀಟೋಟಲರ್

ಅಡಿಟಿಪ್ಪಣಿ ಬೇಡವೇ ಬೇಡ. ಆ ‘ಟೀ’ಗೂ ಚಹಾಕ್ಕೂ ಸಂಬಂಧವಿಲ್ಲ, ಇಂಗ್ಲಿಷಿನಲ್ಲಿ ಕಾಗುಣಿತವೇ ಬೇರೆ. ಅದು ‘ಟೋಟಲ್’ ಪದದ ಮೊದಲ ಅಕ್ಷರ, ಒತ್ತು ಕೊಡಲು ಮತ್ತೊಮ್ಮೆ ಬಂದದ್ದು. ನಾವು ತುದಿಯನ್ನು ತುತ್ತತುದಿ, ಬಯಲನ್ನು ಬಟ್ಟಬಯಲು, ಕಡೆಯನ್ನು ಕಟ್ಟಕಡೆ ಮಾಡುವುದಿಲ್ಲವೇ? ಅದೇ ಬಗೆ.

ಇಂಗ್ಲೆಂಡಿನ ಪ್ರೆಸ್ಟನ್ ಊರಿನಲ್ಲಿ 1833ರ ಸಭೆಯೊಂದರಲ್ಲಿ ರಿಚರ್ಡ್ ಟರ್ನರ್ ಎಂಬ ಕೂಲಿಕಾರ ಈ ಪದವನ್ನು ಪಾನತ್ಯಾಗಕ್ಕೆ ಬಳಸಿದ. 1846ರಲ್ಲಿ ತೀರಿಕೊಂಡ ಅವನ ಗೋರಿಕಲ್ಲಿನ ಮೇಲೆ ಈ ಪದದ ಕರ್ತೃ ಇವನೆಂದೇ ಕೆತ್ತಿದ್ದಾರೆ. ಒಂದು ಪದಕ್ಕಾಗಿ ಗೋರಿಯ ಮೇಲೆ ಹೆಸರು ಪಡೆದವರು ಇನ್ನೆಷ್ಟು ಮಂದಿ ಇದ್ದಾರು! ಅವನು ತೊದಲಿದ್ದರಿಂದ ಪದ ಹುಟ್ಟಿತು ಎಂಬ ಕಥೆಯನ್ನು ದಯವಿಟ್ಟು ಯಾರೂ ಇಲ್ಲಿಗೆ ತರಬೇಡಿ. ‘ಟೀಟೋಟಲಿ’ ಎಂಬ ಕ್ರಿಯಾವಿಶೇಷಣ ಅಮೆರಿಕದ ಬರಹದಲ್ಲಿ 1832ರಲ್ಲೇ ಸಿಗುತ್ತದೆ. ಒತ್ತಿ ಹೇಳುವ ಆ ರೂಢಿ ಮೊದಲೇ ಇತ್ತು.

ಇನ್ನು ‘ಸಂಯಮಿ’. ಅದನ್ನು ತೆಗೆಯಿರಿ. ಆಗಿನ ಜಗಳವೆಲ್ಲ ಇದ್ದದ್ದು ಅದರ ಮೇಲೆಯೇ. ಹಳೆಯ ಸಂಘಗಳು ಬ್ರಾಂಡಿ, ಜಿನ್‌ನಂತಹ ಭಟ್ಟಿಯ ಮದ್ಯವನ್ನಷ್ಟೇ ಬಿಡಿಸುತ್ತಿದ್ದವು, ಬಿಯರಿಗೆ ಅಡ್ಡಿಯಿರಲಿಲ್ಲ. 1832ರ ಸೆಪ್ಟೆಂಬರ್ 1ರಂದು ಪ್ರೆಸ್ಟನ್ನಿನಲ್ಲೇ ಚಳವಳಿಯ ಮುಂದಾಳು ಜೋಸೆಫ್ ಲಿವ್ಸಿ ಮತ್ತು ಆರು ಮಂದಿ ಬಿಯರನ್ನೂ ಸೇರಿಸಿ ಎಲ್ಲವನ್ನೂ ಬಿಡುವ ಪ್ರತಿಜ್ಞೆಗೆ ಸಹಿ ಹಾಕಿದರು. ಮಿತಿಯಲ್ಲಿ ಕುಡಿಯುವವನು ಸಂಯಮಿ, ತೊಟ್ಟೂ ಮುಟ್ಟದವನು ಟೀಟೋಟಲರ್. ನನ್ನ ಸಲಹೆ: ‘ಪೂರ್ಣ ಮದ್ಯವರ್ಜಿ’.

*

ಮರು: ಟೀಟೋಟಲರ್

‘ಮದ್ಯವರ್ಜಿ’ ಯಾರ ಬಾಯಲ್ಲಿದೆ? ಕನ್ನಡದಲ್ಲಿ ‘ಅವನು ಕುಡಿಯುತ್ತಾನೆ’ ಎಂದರೆ ಏನನ್ನು ಎಂದು ಯಾರೂ ಕೇಳುವುದಿಲ್ಲ. ಹಾಗಿರುವಾಗ ‘ಕುಡಿಯದವನು’ ಸಾಕು. ತುತ್ತತುದಿಯನ್ನು ಉದಾಹರಿಸಿದವರೇ ಮರುಗಳಿಗೆ ಸಂಸ್ಕೃತಕ್ಕೆ ಓಡುವುದನ್ನು ನಾನು ಒಪ್ಪುವುದಿಲ್ಲ. ಕುಡಿತ, ಹೆಂಡ, ಕಳ್ಳು, ಸೊಕ್ಕು: ಈ ಲೋಕದ ಪದಗಳೆಲ್ಲ ನಮ್ಮವೇ. ಬಿಟ್ಟವನಿಗೆ ಮಾತ್ರ ಹೊರಗಿನ ಹೆಸರೇಕೆ?

*

ಮರು: ಟೀಟೋಟಲರ್

‘ಕುಡಿಯದವನು’ ಸಾಲದು. ಹಾಲುಗಲ್ಲದ ಮಗುವೂ ಕುಡಿಯದ್ದೇ. ಟೀಟೋಟಲರ್ ಎಂದರೆ ಹತ್ತು ಜನರೆದುರು ಮಾತು ಕೊಟ್ಟವನು. ಆ ಪ್ರತಿಜ್ಞೆಯ ಭಾರ ಪದದಲ್ಲಿ ಇರಬೇಕು, ಅದಕ್ಕೆ ‘ಪಾನತ್ಯಾಗಿ’ ಹತ್ತಿರ. ‘ಪಾನನಿರೋಧ’ವನ್ನು ಇದರೊಂದಿಗೆ ಬೆರೆಸಬೇಡಿ, ಅದು ಸರ್ಕಾರ ಮಾಡುವ ಕೆಲಸ.

ಅಮಲಿಲ್ಲದವನನ್ನು ಹೇಳುವ ಇಂಗ್ಲಿಷಿನ ‘ಸೋಬರ್’ ಬೇರೆಯದೇ ಪ್ರಶ್ನೆ. ಅದರ ಮೂಲ ಲ್ಯಾಟಿನ್ನಿನ ‘ಸೋಬ್ರಿಯಸ್’, ಅಮಲೇರಿದವನನ್ನು ಹೇಳುವ ‘ಎಬ್ರಿಯಸ್’ಗೆ ವಿರುದ್ಧಪದ. ಅದು ಈ ಹೊತ್ತಿನ ಸ್ಥಿತಿ. ನಿನ್ನೆ ಕುಡಿದವನು ಇಂದು ಸೋಬರ್ ಆಗಿರಬಹುದು, ಟೀಟೋಟಲರ್ ಆಗಲಾರ.

ಹೊರಗಿನ ಹೆಸರೇಕೆ ಎಂದವರಿಗೆ ಒಂದು ಮಾತು. ‘ಅಮಲು’ ಅರಬ್ಬಿಯಿಂದ ಬಂದದ್ದು, ‘ಅಮಲ್ದಾರ’ನೂ ಅದೇ ಮನೆಯವನು. ‘ನಶೆ’ಯೂ ಅದೇ ದಾರಿಯಲ್ಲಿ ಬಂತು. ಅವನ್ನು ಹಳ್ಳಿಯ ಬಾಯಿಂದ ಕಿತ್ತು ನೋಡಿ.

*

ಮರು: ಟೀಟೋಟಲರ್

ಅಮಲು ಜನರ ಬಾಯಿಗೆ ತಾನಾಗಿ ಬಂತು. ‘ವರ್ಜಿ’ಯನ್ನು ಪಂಡಿತರು ತಂದು ಹೇರುತ್ತಾರೆ. ಎರಡೂ ಒಂದೇ ಅಲ್ಲ.

*

ಮರು: ಟೀಟೋಟಲರ್

ಹೇರಿದ್ದೇ? ಕರಾವಳಿಯ ಹಳ್ಳಿಗಳಲ್ಲಿ ‘ಮದ್ಯವರ್ಜನ ಶಿಬಿರ’ ಎಂಬ ಬ್ಯಾನರ್ ಕಟ್ಟಿದಾಗ ಓದಿ ಅರ್ಥವಾಗದೆ ಹಿಂದಿರುಗಿದವರನ್ನು ನಾನು ಕಂಡಿಲ್ಲ. ಗಂಡನನ್ನು ಆ ಶಿಬಿರಕ್ಕೆ ಸೇರಿಸುವ ಹೆಂಗಸು ನಿಘಂಟು ತೆರೆದು ನೋಡುವುದಿಲ್ಲ. ಎಲ್ಲಿಂದ ಬಂತು ಎಂಬುದಕ್ಕಿಂತ ಯಾರ ಕೆಲಸಕ್ಕೆ ಒದಗಿತು ಎಂಬುದನ್ನು ನೋಡಬೇಕು. ಸ್ವತಃ ‘ಟೋಟಲ್’ ಲ್ಯಾಟಿನ್ ಮೂಲದ್ದು. ಟರ್ನರ್ ಅದನ್ನು ಶುದ್ಧ ಇಂಗ್ಲಿಷ್ ಅಲ್ಲವೆಂದು ಬಿಡಲಿಲ್ಲ, ತನ್ನ ನಾಲಗೆಗೆ ಹೊಂದುವಂತೆ ಬಗ್ಗಿಸಿಕೊಂಡ.

*

ಮರು: ಟೀಟೋಟಲರ್

ಎಲ್ಲರಿಗೂ ಧನ್ಯವಾದ. ಚಹಾದ ಅಡಿಟಿಪ್ಪಣಿ ತೆಗೆದಿದ್ದೇನೆ. ಲೇಖನದೊಳಗೆ ಮೊದಲ ಸಲ ‘ಟೀಟೋಟಲರ್, ಅಂದರೆ ಪೂರ್ಣ ಪಾನತ್ಯಾಗಿ’ ಎಂದು ಬರೆದು, ಮುಂದೆ ‘ಪಾನತ್ಯಾಗಿ’ ಎಂದಷ್ಟೇ ಬಳಸುತ್ತೇನೆ. ಬಿಯರಿಗೆ ಒಪ್ಪಿದ್ದ ಹಳೆಯ ಸಂಘದವರಿಗೆ ‘ಸಂಯಮಿ’ಗಳೆಂಬ ಹೆಸರನ್ನೇ ಉಳಿಸಿದ್ದೇನೆ, ಈಗ ಆ ಎರಡು ಬಣಗಳ ಜಗಳ ಕನ್ನಡದಲ್ಲೂ ತಿಳಿಯುತ್ತದೆ. ಶೀರ್ಷಿಕೆ: ‘ಪ್ರೆಸ್ಟನ್ನಿನ ಏಳು ಪಾನತ್ಯಾಗಿಗಳು’. ತಕರಾರಿದ್ದರೆ ನಾಳೆ ಮಧ್ಯಾಹ್ನದೊಳಗೆ ತಿಳಿಸಿ.