ಮೂಲೆಯಲ್ಲಿ ನಿಂತ ಹಳೆಯ ಜಾವಾ: ಕಿಕ್ ಮಾಡುವ ಮೊದಲು

ಪ್ರಶ್ನೆ: ನಮಸ್ಕಾರ ಸರ್. ತೀರ್ಥಹಳ್ಳಿ ಬಳಿಯ ನಮ್ಮ ಹಳೆಯ ಮನೆಯಲ್ಲಿ, ಅಡಿಕೆ ತುಂಬುವ ಕೊಟ್ಟಿಗೆಯ ಒಂದು ಬದಿಗೆ, ತೀರಿಹೋದ ನಮ್ಮ ತಂದೆಯವರ 1969ರ ಜಾವಾ 250 ಬೈಕ್ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ನಿಂತಿದೆ. ಟ್ಯಾಂಕಿನಲ್ಲಿ ಪೆಟ್ರೋಲ್ ಬಿಟ್ಟೇ ನಿಲ್ಲಿಸಿದ್ದರೆಂದು ಕಾಣುತ್ತದೆ, ಮುಚ್ಚಳ ತೆಗೆದರೆ ವಾರ್ನಿಶ್‌ನಂಥ ವಾಸನೆ ಬರುತ್ತದೆ. ಕಿಕ್ಕರ್ ಅಲ್ಲಾಡುವುದಿಲ್ಲ. ಹೊಸ ಬ್ಯಾಟರಿ, ಹೊಸ ಪ್ಲಗ್ ಹಾಕಿ, ತಳ್ಳಿ ಸ್ಟಾರ್ಟ್ ಮಾಡಿದರೆ ಆದೀತೆಂದು ಊರಿನವರು ಹೇಳುತ್ತಾರೆ. ಎಲ್ಲಿಂದ ಆರಂಭಿಸಬೇಕು?

ಉತ್ತರ: ದಯವಿಟ್ಟು ತಳ್ಳಬೇಡಿ, ಕಿಕ್ಕರನ್ನು ಬಲವಂತವಾಗಿ ತುಳಿಯಲೂ ಬೇಡಿ. ಜಾವಾದಲ್ಲಿ ಗೇರ್ ಲಿವರೇ ಒಳಕ್ಕೆ ಒತ್ತಿ ಮೇಲೆ ತಿರುಗಿಸಿದಾಗ ಕಿಕ್ಕರ್ ಆಗುವುದರಿಂದ, ಜಾಮ್ ಆಗಿರುವ ಇಂಜಿನಿನ ಮೇಲೆ ಅದನ್ನು ತುಳಿದರೆ ಒಳಗಿನ ಹಲ್ಲುಗಳು ಮುರಿದು, ಸಣ್ಣದಾಗಿ ಮುಗಿಯಬಹುದಾಗಿದ್ದ ಕೆಲಸ ದೊಡ್ಡದಾಗುತ್ತದೆ.

ಮೊದಲು ಪ್ಲಗ್ಗಿನ ಸುತ್ತಲಿನ ಧೂಳನ್ನು ಊದಿ ತೆಗೆದು, ಪ್ಲಗ್ ಬಿಚ್ಚಿ, ಡೀಸೆಲ್ ಮತ್ತು ಇಂಜಿನ್ ಆಯಿಲನ್ನು ಸಮವಾಗಿ ಬೆರೆಸಿ ಆ ರಂಧ್ರದಿಂದ ಸಿಲಿಂಡರಿಗೆ ಸುರಿಯಿರಿ. ಕೆಲವು ದಿನ ಹಾಗೇ ಬಿಟ್ಟು, ನಡುವೆ ಮತ್ತಷ್ಟು ಸುರಿಯುತ್ತಾ, ಕೊನೆಗೆ ನಾಲ್ಕನೇ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಿಂದ ಮೆಲ್ಲನೆ ಹಿಂದೆ ಮುಂದೆ ಆಡಿಸಿ. ಕೂದಲೆಳೆಯಷ್ಟು ಅಲುಗಿದರೂ ಅಲ್ಲಿಗೆ ನಿಲ್ಲಿಸಿ, ಇನ್ನೊಂದು ದಿನ ಎಣ್ಣೆ ಕುಡಿಯಲು ಬಿಡಿ. ಮಲೆನಾಡಿನ ತೇವದಲ್ಲಿ ನಿಂತ ಗಾಡಿಗಳಲ್ಲಿ ಪಿಸ್ಟನ್ನಿನ ರಿಂಗುಗಳು ಬೋರಿಗೆ (ಪಿಸ್ಟನ್ ಓಡಾಡುವ ಸಿಲಿಂಡರಿಗೆ) ತುಕ್ಕಿನಿಂದ ಅಂಟಿಕೊಳ್ಳುವುದು ಸಾಮಾನ್ಯ, ಅವಸರ ಮಾಡದಿದ್ದರೆ ಹೆಚ್ಚಿನವು ಬಿಡುತ್ತವೆ.

ಪಿಸ್ಟನ್ ಆಡತೊಡಗಿದ ಮೇಲೂ ಸ್ಟಾರ್ಟ್ ಮಾಡುವ ಆಸೆಯನ್ನು ಸ್ವಲ್ಪ ತಡೆಯಿರಿ. ಬೋರನ್ನು ಎತ್ತಿ ನೋಡುವುದೇ ಒಳ್ಳೆಯದು, ಈ ಇಂಜಿನಿನಲ್ಲಿ ಅದು ಕಷ್ಟದ ಕೆಲಸವಲ್ಲ. ಬೋರಿನ ಒಳಗೋಡೆಯಲ್ಲಿ ಉಗುರಿಗೆ ತಾಗುವಷ್ಟು ಆಳದ ಗುಂಡಿ ಇದ್ದರೆ ರಿಬೋರ್ ಮಾಡಿಸಿ, ಅಂದರೆ ಒಳಗೋಡೆಯನ್ನು ಕೊರೆದು ಅಗಲಿಸಿ, ದೊಡ್ಡ ಅಳತೆಯ ಪಿಸ್ಟನ್ ಹಾಕಿಸಬೇಕಾಗುತ್ತದೆ, ಬರೀ ಕಲೆಯಿದ್ದರೆ ಹೋನ್ ಮಾಡಿಸಿದರೆ (ಕಲ್ಲಿನಿಂದ ಹಗುರವಾಗಿ ಉಜ್ಜಿಸಿದರೆ) ಸಾಕು. ಕನೆಕ್ಟಿಂಗ್ ರಾಡನ್ನು ಎರಡು ಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಎಳೆದು ನೋಡಿ: ಪಕ್ಕಕ್ಕೆ ಸ್ವಲ್ಪ ಆಟ ಇರುವುದು ಸಹಜ, ಆದರೆ ಮೇಲೆ ಕೆಳಗೆ ಟಿಕ್ ಎಂದು ಆಡಿದರೆ ಕೆಳಗಿನ ಬೇರಿಂಗ್ ಹೋಗಿದೆ ಎಂದೇ ಅರ್ಥ.

ಟ್ಯಾಂಕಿನ ಹಳೆಯ ಪೆಟ್ರೋಲನ್ನು ಪೂರ್ತಿ ಬಸಿದು ತೆಗೆಯಿರಿ. ಒಳಗಿನ ತುಕ್ಕಿಗೆ ಒಂದು ಹಿಡಿ ಸಣ್ಣ ನಟ್ಟುಗಳನ್ನೂ ಡೀಸೆಲನ್ನೂ ಹಾಕಿ ಕುಲುಕಿ, ಆಮೇಲೆ ಫಾಸ್ಫಾರಿಕ್ ಆಮ್ಲದ ತುಕ್ಕುನಾಶಕ ಬಳಸಿ, ನೀರಿನಲ್ಲಿ ತೊಳೆದು, ಬಿಸಿಗಾಳಿಯಲ್ಲಿ ಒಣಗಿಸಿದ ಕೂಡಲೇ ಒಳಗೆಲ್ಲ ಎಣ್ಣೆ ಸವರಿಬಿಡಿ, ಇಲ್ಲದಿದ್ದರೆ ಮರುದಿನವೇ ಹೊಸ ತುಕ್ಕು ಕಾಣಿಸುತ್ತದೆ. ಕಾರ್ಬ್ಯುರೇಟರಿನ ಜೆಟ್ಟುಗಳು ಹಿತ್ತಾಳೆಯವು. ಅವುಗಳ ರಂಧ್ರಕ್ಕೆ ತಂತಿ ತುರುಕದೆ, ಕ್ಲೀನರಿನಲ್ಲಿ ನೆನೆಸಿ ಗಾಳಿ ಹೊಡೆಯಿರಿ. ಸೈಲೆನ್ಸರುಗಳೊಳಗೆ ಕಣಜ ಮಣ್ಣಿನ ಗೂಡು ಕಟ್ಟಿರುತ್ತದೆ ಅಥವಾ ಇಲಿ ಅಡಿಕೆ ಸಿಪ್ಪೆ ತುಂಬಿರುತ್ತದೆ, ಆದ್ದರಿಂದ ಎರಡನ್ನೂ ಬಿಚ್ಚಿ ನೋಡದೆ ಮುಂದುವರಿಯಬೇಡಿ.

ಈ ಗಾಡಿಯಲ್ಲಿ ಸ್ಪಾರ್ಕಿಗೆ ಕರೆಂಟ್ ಬರುವುದು 6 ವೋಲ್ಟಿನ ಬ್ಯಾಟರಿಯಿಂದ, ಹಾಗಾಗಿ ಬ್ಯಾಟರಿ ಹೊಸದೇ ಬೇಕು. ಆದರೆ ಅಷ್ಟೇ ಸಾಲದು. ಸ್ಪಾರ್ಕಿಗಾಗಿ ಕರೆಂಟನ್ನು ಕಡಿದು ಜೋಡಿಸುವ ಪಾಯಿಂಟಿನ ಮೇಲೆ ಇಷ್ಟು ವರ್ಷಗಳಲ್ಲಿ ಕಟ್ಟಿದ ಬಿಳಿ ಪದರವನ್ನು ನಯವಾದ ಎಮ್ರಿ ಕಾಗದದಿಂದ ತೆಗೆದು, ಅಂತರವನ್ನು 0.4 ಮಿಲಿಮೀಟರಿಗೆ ಇಡಿ. ಕಂಡೆನ್ಸರನ್ನು ಬದಲಾಯಿಸುವುದೇ ಲೇಸು. ಟೈರುಗಳು ನೋಡಲು ಚೆನ್ನಾಗಿದ್ದರೂ ರಬ್ಬರ್ ಗಡಸಾಗಿರುತ್ತದೆ, 3.25-16 ಅಳತೆಯ ಹೊಸ ಜೋಡಿ ಹಾಕಿಸದೆ ರಸ್ತೆಗೆ ಇಳಿಸಬೇಡಿ.

ಮರುಪ್ರಶ್ನೆ: ತುಂಬ ಧನ್ಯವಾದಗಳು ಸರ್. ಪಿಸ್ಟನ್ ಬಿಟ್ಟಿತು, ಬೋರಿನಲ್ಲಿ ಬರೀ ಕಲೆ ಇತ್ತು, ಹೋನ್ ಮಾಡಿಸಿ ಹೊಸ ರಿಂಗ್ ಹಾಕಿಸಿದೆವು. ಗಾಡಿ ಸ್ಟಾರ್ಟ್ ಆಯಿತು. ಆದರೆ ಬಿಸಿಯಾದ ಮೇಲೆ ಆಕ್ಸಿಲರೇಟರ್ ಬಿಟ್ಟರೂ ವೇಗ ಇಳಿಯದೆ ತಾನಾಗಿಯೇ ಏರುತ್ತದೆ. ಕೇಬಲ್ ಸರಿಯಿದೆ. ಓಡಿಸುತ್ತಾ ಹೋದರೆ ಸರಿಹೋಗುತ್ತದೆ ಎಂದು ನಮ್ಮ ಮೆಕ್ಯಾನಿಕ್ ಹೇಳುತ್ತಾರೆ. ಇದು ನಿಜವೇ?

ಉತ್ತರ: ನಿಜವಲ್ಲ. ನೀವು ಹೇಳಿದ ಲಕ್ಷಣ ಬಹುಮಟ್ಟಿಗೆ ಕ್ರ್ಯಾಂಕಿನ (ಪಿಸ್ಟನ್ ತಿರುಗಿಸುವ ದಂಡದ) ಆಯಿಲ್ ಸೀಲ್ ಸೋರುತ್ತಿರುವುದರದು. ಸೀಲ್ ನೋಡಿಕೊಳ್ಳುವವರೆಗೆ ಗಾಡಿಯನ್ನು ಮತ್ತೆ ಸ್ಟಾರ್ಟ್ ಮಾಡಬೇಡಿ.

ಟೂ-ಸ್ಟ್ರೋಕ್ ಇಂಜಿನಿನಲ್ಲಿ ಕ್ರ್ಯಾಂಕ್ ತಿರುಗುವ ಕೋಣೆ, ಅಂದರೆ ಕ್ರ್ಯಾಂಕ್‌ಕೇಸೇ ಒಂದು ಪಂಪು. ಪಿಸ್ಟನ್ ಮೇಲೇರುವಾಗ ಅದು ಕಾರ್ಬ್ಯುರೇಟರಿನಿಂದ ಪೆಟ್ರೋಲ್ ಮಿಶ್ರಣವನ್ನು ಎಳೆದುಕೊಳ್ಳುತ್ತದೆ, ಇಳಿಯುವಾಗ ಅದನ್ನು ಸಿಲಿಂಡರಿಗೆ ತಳ್ಳುತ್ತದೆ. ಕ್ರ್ಯಾಂಕಿನ ಎರಡು ತುದಿಯಲ್ಲಿರುವ ರಬ್ಬರ್ ಸೀಲುಗಳು ವರ್ಷಗಟ್ಟಲೆ ಒಣಗಿ ಗಡಸಾದಾಗ ಬಲಗಡೆಯ, ಅಂದರೆ ಡೈನಮೊ ಬದಿಯ ಸೀಲಿನಿಂದ ಹೊರಗಿನ ಗಾಳಿ ಒಳನುಗ್ಗುತ್ತದೆ. ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾದರೆ, ಪೆಟ್ರೋಲಿನೊಂದಿಗೇ ಬರಬೇಕಾದ ಎಣ್ಣೆಯೂ ಕಡಿಮೆಯಾಗುತ್ತದೆ. ಇಂಜಿನ್ ಚುರುಕಾಗಿ ಓಡುತ್ತಿದೆ ಎಂದು ಖುಷಿಪಡುವಷ್ಟರಲ್ಲಿ ಪಿಸ್ಟನ್ ಹಿಗ್ಗಿ ಬೋರಿಗೆ ಕಚ್ಚಿಕೊಳ್ಳುತ್ತದೆ. ಸ್ಟಾರ್ಟ್ ಆಗದ ಹಳೆಯ ಜಾವಾಗಿಂತ, ಸೀಲ್ ಬದಲಿಸದೆ ಸ್ಟಾರ್ಟ್ ಆಗಿಬಿಟ್ಟ ಜಾವಾವೇ ನನಗೆ ಹೆಚ್ಚು ಭಯ ಹುಟ್ಟಿಸುವುದು. ಎಡಗಡೆಯ, ಕ್ಲಚ್ ಬದಿಯ ಸೀಲ್ ಹೋಗಿದ್ದರೆ ಲಕ್ಷಣ ಬೇರೆ: ಅದು ಗೇರ್ ಆಯಿಲನ್ನು ಎಳೆದುಕೊಂಡು ಸುಡುವುದರಿಂದ ಹೊಗೆ ನಿಲ್ಲುವುದೇ ಇಲ್ಲ, ಗೇರ್‌ಬಾಕ್ಸಿನ ಎಣ್ಣೆಯ ಮಟ್ಟ ಇಳಿಯುತ್ತಾ ಹೋಗುತ್ತದೆ.

ಊಹೆಯಲ್ಲಿ ಬಿಡದೆ ಪರೀಕ್ಷಿಸಲು ಒಂದು ದಾರಿಯಿದೆ. ಎರಡೂ ಎಕ್ಸಾಸ್ಟ್ ಬಾಯಿಗಳನ್ನೂ ಕಾರ್ಬ್ಯುರೇಟರ್ ಕೂರುವ ಜಾಗವನ್ನೂ ರಬ್ಬರ್ ಬಿರಡೆಯಿಂದ ಬಿಗಿಯಾಗಿ ಮುಚ್ಚಿ, ಪಿಸ್ಟನ್ನನ್ನು ಕೆಳಗೆ ತಂದು, ಪ್ಲಗ್ಗಿನ ರಂಧ್ರದಿಂದ ಕೈಪಂಪಿನಲ್ಲಿ 5ರಿಂದ 6 ಪಿಎಸ್‌ಐ ಒತ್ತಡದ ಗಾಳಿ ತುಂಬಿ. ಅದಕ್ಕಿಂತ ಹೆಚ್ಚು ಬೇಡ, ಸೀಲ್ ಜಾಗ ಬಿಟ್ಟೀತು. ಒತ್ತಡದ ಮೀಟರಿನ ಮುಳ್ಳು ನಿಂತಲ್ಲೇ ನಿಂತರೆ ಸರಿ, ಬೇಗ ಇಳಿದರೆ ಸೋರಿಕೆಯಿದೆ. ಡೈನಮೊ ತೆಗೆದು ಆ ಬದಿಗೆ ಸೋಪಿನ ನೀರು ಹಚ್ಚಿದರೆ ಗುಳ್ಳೆಗಳೇ ಜಾಗ ತೋರಿಸುತ್ತವೆ. ಬೋರಿನ ಕೆಳಗಿನ ಗ್ಯಾಸ್ಕೆಟ್ಟಿಗೂ ಹಾಗೆಯೇ ಹಚ್ಚಿ ನೋಡಿ. ಏನೇ ಇರಲಿ, ಒಂದು ಸೀಲ್ ಹೋಗಿದ್ದರೆ ಎರಡನ್ನೂ ಬದಲಿಸಿ. ಸೀಲಿನ ಬೆಲೆ ಅಲ್ಪ, ಬೆಲೆ ಇರುವುದು ಬಿಚ್ಚಿ ಜೋಡಿಸುವ ಕೂಲಿಗೆ.

ಪೆಟ್ರೋಲಿಗೆ ಒಳ್ಳೆಯ 2ಟಿ ಆಯಿಲನ್ನು ಲೀಟರಿಗೆ 40 ಮಿಲಿಲೀಟರಿನಂತೆ ಬೆರೆಸಿಯೇ ಹಾಕಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುವುದರಿಂದ ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರ್ ಭಾಗಗಳಿಗೂ ಒಗ್ಗುವುದಿಲ್ಲ. ಆದ್ದರಿಂದ ಕೆಲವು ವಾರ ಓಡಿಸುವುದಿಲ್ಲವೆಂದಾದರೆ ಟ್ಯಾಂಕನ್ನೂ ಕಾರ್ಬ್ಯುರೇಟರನ್ನೂ ಬಸಿದು ಇಡಿ. ಪೆಟ್ರೋಲ್ ಟ್ಯಾಪ್ ಮುಚ್ಚಿ ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಎಂಬ ಸಲಹೆಯೂ ಚಾಲ್ತಿಯಲ್ಲಿದೆ, ಆದರೆ ಕೊನೆಯ ಕ್ಷಣಗಳಲ್ಲಿ ಎಣ್ಣೆಯಿಲ್ಲದೆ ಓಡುವ ಟೂ-ಸ್ಟ್ರೋಕ್ ಇಂಜಿನಿಗೆ ಅದನ್ನು ನಾನು ಹೇಳಲಾರೆ.

ಮರುಪ್ರಶ್ನೆ: ಸೀಲ್ ಬದಲಿಸಲು ಕೊಟ್ಟಿದ್ದೇವೆ ಸರ್. ಆರ್‌ಸಿ ತಂದೆಯವರ ಹೆಸರಿನಲ್ಲೇ ಇದೆ, ಅವಧಿ ಯಾವಾಗಲೋ ಮುಗಿದಿದೆ. ಈಗಲೇ ಬಣ್ಣ ಹೊಡೆಸಿ, ಆಮೇಲೆ ಆರ್‌ಟಿಒ ಕಚೇರಿಗೆ ಹೋಗಬಹುದೇ?

ಉತ್ತರ: ಬಣ್ಣ ಆಮೇಲಿರಲಿ. ಮಾಲೀಕರು ತೀರಿಕೊಂಡಿರುವುದರಿಂದ ಉತ್ತರಾಧಿಕಾರದ ವರ್ಗಾವಣೆಗೆ ನಮೂನೆ 31, ನೋಂದಣಿಯ ನವೀಕರಣಕ್ಕೆ ನಮೂನೆ 25 ಬೇಕು. 50 ವರ್ಷ ದಾಟಿದ ವಾಹನಗಳಿಗೆ 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ನೋಂದಣಿಯನ್ನೂ ತಂದಿದೆ, ಆದರೆ ಆ ವರ್ಗದ ಗಾಡಿಯನ್ನು ದಿನಬಳಕೆಗೆ ಓಡಿಸುವಂತಿಲ್ಲ. ನಿಮಗೆ ಊರಿಂದ ಪೇಟೆಗೆ ಓಡಿಸುವ ಮನಸ್ಸಿದ್ದರೆ ಸಾಮಾನ್ಯ ನವೀಕರಣವನ್ನೇ ಕೇಳಿ. ತಪಾಸಣೆಯಲ್ಲಿ ಚಾಸಿ ಮತ್ತು ಇಂಜಿನ್ ಸಂಖ್ಯೆಗಳ ಅಚ್ಚು ತೆಗೆದು ಆರ್‌ಸಿಯೊಂದಿಗೆ ತಾಳೆ ನೋಡುತ್ತಾರೆ. ಬಣ್ಣದವರು ತುಕ್ಕು ಉಜ್ಜುವ ಭರದಲ್ಲಿ ಆ ಅಂಕಿಗಳನ್ನೇ ಸವೆಸಿಬಿಟ್ಟರೆ ಅಲ್ಲಿ ವಿವರಣೆ ಕೊಡುವುದು ಕಷ್ಟ. ನೀವೇ ಮೊದಲು ಅಂಕಿಗಳ ಮೇಲೆ ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದಿಟ್ಟುಕೊಳ್ಳಿ, ಬಣ್ಣಕ್ಕೆ ಕೊಡುವಾಗ ಆ ಜಾಗಕ್ಕೆ ಟೇಪ್ ಹಚ್ಚಿಯೇ ಕೊಡಿ.