ಅಪ್‌ಡೇಟ್: ಪಿಇ ಸಿವಿಲ್ ಪರೀಕ್ಷೆ ಪಾಸಾದೆ
ಅಮೆರಿಕದ ಪಿಇ ಸಿವಿಲ್ ಪರೀಕ್ಷೆಗೆ (ಸಿವಿಲ್ ಎಂಜಿನಿಯರ್ ಲೈಸೆನ್ಸ್‌ಗೆ ಬೇಕಾದ ಪರೀಕ್ಷೆ) ಓದುತ್ತಿದ್ದೇನೆ, ಲೆಕ್ಕ ಬಿಡಿಸಲು ಸಮಯ ಸಾಲುತ್ತಿಲ್ಲ ಎಂದು ಕಳೆದ ತಿಂಗಳು ಕೇಳಿದ್ದೆ. ನಿನ್ನೆ ಫಲಿತಾಂಶ ಬಂತು, ಪಾಸಾಗಿದ್ದೇನೆ!

ಕೈಹಿಡಿದದ್ದು ಒಂದೇ ಸಲಹೆ: ಪರೀಕ್ಷೆ ನಡೆಸುವ ಎನ್‌ಸಿಇಇಎಸ್ ಸಂಸ್ಥೆಯ ಸೂತ್ರಗಳ ಕೈಪಿಡಿಯ ಪಿಡಿಎಫ್ ತೆರೆದಿಟ್ಟುಕೊಂಡೇ ಪ್ರತಿ ಲೆಕ್ಕವನ್ನೂ ಬಿಡಿಸುವುದು. ಪರೀಕ್ಷೆಯ ಪರದೆಯ ಮೇಲೂ ಅದೇ ಕೈಪಿಡಿ ಇರುತ್ತದೆ. ಯಾವ ಪದ ಹಾಕಿ ಹುಡುಕಿದರೆ ಯಾವ ಸೂತ್ರ ಸಿಗುತ್ತದೆಂಬುದು ಅಷ್ಟರಲ್ಲಿ ಬೆರಳಿಗೇ ರೂಢಿಯಾಗಿತ್ತು. ಇನ್ನೊಬ್ಬರು ಹೇಳಿದಂತೆ ಸೂತ್ರಗಳನ್ನು ಬಾಯಿಪಾಠ ಮಾಡಿದ್ದು ಮಾತ್ರ ಫಲ ಕೊಡಲಿಲ್ಲ.

ನನಗೆ ಗೊತ್ತೇ ಇರದಿದ್ದ ಸಂಗತಿ: 8 ಗಂಟೆ, 80 ಪ್ರಶ್ನೆ, ನಡುವಿನ ವಿರಾಮಕ್ಕೆ ಎದ್ದರೆ ಮೊದಲ ಭಾಗಕ್ಕೆ ಮತ್ತೆ ಮರಳಲಾಗದು. ಗುರುತು ಹಾಕಿಟ್ಟ ಪ್ರಶ್ನೆಗಳನ್ನೆಲ್ಲ ಏಳುವ ಮುನ್ನವೇ ಮುಗಿಸಿಕೊಳ್ಳಿ. ಸಲಹೆ ಕೊಟ್ಟ ಹಿರಿಯರಿಗೆ ಮನಸಾರೆ ಕೃತಜ್ಞತೆಗಳು. ಇನ್ನು ರಾಜ್ಯದ ಮಂಡಳಿಗೆ ಲೈಸೆನ್ಸ್ ಅರ್ಜಿ ಹಾಕಬೇಕು.