ಅಟ್ಟದ ಟ್ರಂಕಿನ ಹಳೇ ಸ್ಟಾಂಪು ಅಸಲಿಯೋ, ನಕಲಿಯೋ? ಮಲೆನಾಡಿನ ಸದಸ್ಯರ ಪ್ರಶ್ನೆ, ಬಲ್ಲವರ ಉತ್ತರ

ಪ್ರಶ್ನೆ (ತೀರ್ಥಹಳ್ಳಿ): ನಮಸ್ಕಾರ ಸರ್. ಹಳೇ ಆಲ್ಬಮ್ಮಿನಲ್ಲಿ 1948ರ ಗಾಂಧಿ 10 ರೂಪಾಯಿ ಸ್ಟಾಂಪ್ ಸಿಕ್ಕಿದೆ. ಠಸ್ಸೆ ಬಿದ್ದಿಲ್ಲ, ಹಿಂದೆ ಗೋಂದು ಹಾಗೇ ಇದೆ. ಅಸಲಿ ಹೌದೋ ಅಲ್ಲವೋ ಅಂತ ಮನೆಯಲ್ಲೇ ನೋಡೋದು ಹೇಗೆ? ಮೊಬೈಲಿನಲ್ಲಿ ತೆಗೆದ ಫೋಟೋ ಹಾಕಿದ್ದೇನೆ.

ಉತ್ತರ: ನಮಸ್ಕಾರ. ಫೋಟೋ ನೋಡಿ ಹೌದು, ಅಲ್ಲ ಎನ್ನಲು ಆಗುವುದಿಲ್ಲ. ಬೆಳಕು ಬದಲಾದರೆ ಫೋಟೋದಲ್ಲಿ ಬಣ್ಣವೂ ಬದಲಾಗುತ್ತದೆ. ನಕಲಿ ಮಾಡುವವರು ಮೊದಲು ಸರಿಮಾಡಿಕೊಳ್ಳುವುದೂ ಬಣ್ಣವನ್ನೇ. ಆದ್ದರಿಂದ ಬಣ್ಣವನ್ನು ಕೊನೆಗಿಟ್ಟು, ಅಚ್ಚು ಹೇಗೆ ಬಿದ್ದಿದೆ ಎಂಬುದರಿಂದ ಶುರು ಮಾಡಿ.

ಗಾಂಧೀಜಿಯ ಈ ಸೆಟ್ಟಿನಲ್ಲಿ ಒಂದೂವರೆ ಆಣೆ, ಮೂರೂವರೆ ಆಣೆ, 12 ಆಣೆ, 10 ರೂಪಾಯಿ ಎಂದು ನಾಲ್ಕು ಸ್ಟಾಂಪು. 1948ರ ಆಗಸ್ಟ್ 15ರಂದು ಹೊರಬಂದವು. ಅಚ್ಚಾದದ್ದು ನಾಸಿಕ್‌ನಲ್ಲಲ್ಲ, ಸ್ವಿಟ್ಜರ್ಲೆಂಡಿನ ಕೂರ್ವಾಸಿಯೇ ಮುದ್ರಣಾಲಯದಲ್ಲಿ, ಫೋಟೋಗ್ರವ್ಯೂರ್ ವಿಧಾನದಲ್ಲಿ. ಈ ವಿಧಾನದಲ್ಲಿ ಶಾಯಿ ಉರುಳೆಯ ಮೇಲಿನ ಸಣ್ಣ ಗುಳಿಗಳಲ್ಲಿ ನಿಂತು ಕಾಗದಕ್ಕೆ ಇಳಿಯುತ್ತದೆ. 30 ಪಟ್ಟು ದೊಡ್ಡದು ಮಾಡುವ ಲೂಪ್ ಇಟ್ಟರೆ ಒಂದೇ ಬಣ್ಣದ ಸಣ್ಣ ಜಾಲರಿ ಕಾಣುತ್ತದೆ. ಅಕ್ಷರಗಳ ಅಂಚು ಕೂಡ ಗರಗಸದ ಹಲ್ಲಿನಂತೆ ತುಸು ಮುರಿದಿರುತ್ತದೆ. 10 ರೂಪಾಯಿಯದಕ್ಕೆ ಬಳಸಿದ್ದು ನೇರಳೆ ಮಿಶ್ರಿತ ಕಂದು ಮತ್ತು ಅರಗಿನ ಕೆಂಪು, ಎರಡೇ ಶಾಯಿ. ಈಗಿನ ಆಫ್‌ಸೆಟ್ ನಕಲಿಯಲ್ಲಿ ನೀಲಿ, ಗುಲಾಬಿ, ಹಳದಿ, ಕಪ್ಪು ಚುಕ್ಕಿಗಳು ಸೇರಿ ಕಂದು ಕಾಣುವಂತೆ ಮಾಡಿರುತ್ತಾರೆ; ಲೂಪಿನಲ್ಲಿ ಚುಕ್ಕಿ ರಂಗೋಲಿಯ ಹಾಗೆ ಸುತ್ತುಸುತ್ತಾಗಿ ಕಾಣುತ್ತದೆ. ಒಂದೇ ಒಂದು ಹಳದಿ ಚುಕ್ಕಿ ಕಂಡರೂ ಅಲ್ಲಿಗೆ ಮುಗಿಯಿತು. ಲೇಸರ್ ಪ್ರಿಂಟಿನದಾದರೆ ಶಾಯಿ ಕಾಗದದ ಮೇಲೆ ಪದರವಾಗಿ ಕೂತು ಹೊಳೆಯುತ್ತದೆ, ಅಕ್ಷರದ ಸುತ್ತ ಪುಡಿ ಚೆಲ್ಲಿದಂತಿರುತ್ತದೆ.

ಆಮೇಲೆ ಅಂಚಿನ ತೂತು ಎಣಿಸಿ. ಪರ್ಫೊರೇಶನ್ ಅಳತೆ ಎಂದರೆ 2 ಸೆಂ.ಮೀ. ಉದ್ದದಲ್ಲಿ ಎಷ್ಟು ತೂತು ಎಂಬುದು. ಸ್ಕೇಲಿನ ಸೊನ್ನೆಯನ್ನು ಒಂದು ತೂತಿನ ನಟ್ಟನಡುವೆ ಇಟ್ಟು, ಆ ತೂತನ್ನು ಬಿಟ್ಟು ಮುಂದಿನದರಿಂದ ಎಣಿಸಿ. 20 ಮಿ.ಮೀ. ಗೆರೆ ಹಲ್ಲಿನ ಮೇಲೆ ಬಿದ್ದರೆ ಅರ್ಧ ಸೇರಿಸಿ. ಈ ಸೆಟ್ಟಿಗೆ 11½ ಬರಬೇಕು. ನಾಲ್ಕೂ ಬದಿ ಎಣಿಸಿ, ಒಂದೇ ಬದಿ ನೋಡಿ ಬಿಡಬೇಡಿ: ಹಾಳಾದ ಬದಿಯನ್ನು ಕತ್ತರಿಸಿ ಹೊಸದಾಗಿ ತೂತು ಹೊಡೆದಿದ್ದರೆ ಆ ಬದಿಯ ಲೆಕ್ಕವೋ ನೇರವೋ ತಪ್ಪುತ್ತದೆ.

ಗೋಂದು ಹಾಗೇ ಇದೆ ಎಂದಿರಿ. ಅದನ್ನೂ ನಂಬುವ ಮೊದಲು ಹಲ್ಲಿನ ತುದಿ ನೋಡಿ. ಗೋಂದು ಬಳಿದ ಮೇಲೆ ತೂತು ಹೊಡೆದಿದ್ದರೆ ಹರಿದ ತುದಿಯಲ್ಲಿ ಕಾಗದದ ನಾರು ಮೆತ್ತಗೆ ಬಿಡಿಬಿಡಿಯಾಗಿರುತ್ತದೆ. ಆಮೇಲೆ ಗೋಂದು ಬಳಿದಿದ್ದರೆ ಅದು ನಾರಿನೊಳಗೆ ಇಳಿದು ತುದಿ ಗಟ್ಟಿಯಾಗಿ ಬೆರಳಿಗೆ ಚುಚ್ಚುತ್ತದೆ.

ಇನ್ನೊಂದು, 365 ನ್ಯಾನೋಮೀಟರಿನ ಯುವಿ ಟಾರ್ಚನ್ನು ಕತ್ತಲೆ ಕೋಣೆಯಲ್ಲಿ ಹಿಡಿಯಿರಿ. ಕಾಗದ ಬೆಳ್ಳಗೆ ಕಾಣಲು ಸೇರಿಸುವ ಹೊಳಪಿನ ರಾಸಾಯನಿಕ ಬಳಕೆಗೆ ಬಂದದ್ದು 1950ರ ಸುಮಾರಿನಿಂದ ಈಚೆಗೆ. ಹಳೆಯದೆನ್ನುವ ಸ್ಟಾಂಪು ನೀಲಿ ಬಿಳುಪಾಗಿ ಝಗ್ಗೆಂದರೆ ಅನುಮಾನಪಡಿ. ಆದರೆ ಸೋಪಿನ ಪುಡಿ ನೀರಿನಲ್ಲಿ ತೊಳೆದ ಅಸಲಿಯೂ ಹೊಳೆಯಬಹುದು, ಹಾಗಾಗಿ ಇದೊಂದರ ಮೇಲೆ ನಿರ್ಧರಿಸಬೇಡಿ. ಈ ಸೆಟ್ಟಿಗೆ ವಾಟರ್‌ಮಾರ್ಕ್, ಅಂದರೆ ಕಾಗದದೊಳಗೇ ಮೂಡಿಸಿದ ಗುರುತು, ಇಲ್ಲ. ಅದನ್ನು ಹುಡುಕಲೆಂದು ಬೆನ್ಜೀನಿನಲ್ಲಿ (ಲೈಟರಿಗೆ ತುಂಬುವಂಥ ಪೆಟ್ರೋಲಿಯಂ ದ್ರವ) ಅದ್ದಲು ಹೋಗಬೇಡಿ, ಕೆಲವು ಫೋಟೋಗ್ರವ್ಯೂರ್ ಶಾಯಿ ಅದರಲ್ಲಿ ಬಿಡುತ್ತದೆ.

ಭದ್ರಾವತಿಯಿಂದ ಒಂದು ಮಾತು: ಇದೇ 10 ರೂಪಾಯಿಯ ಮೇಲೆ ಇಂಗ್ಲಿಷಿನಲ್ಲಿ ‘ಸರ್ವೀಸ್’ ಎಂದು ಅಚ್ಚು ಹಾಕಿದ್ದು ಯಾರಾದರೂ ಮಾರಲು ತಂದರೆ ಇನ್ನೂ ಹುಷಾರು. ಗವರ್ನರ್ ಜನರಲ್ ಕಚೇರಿಗಾಗಿ ಅಂಥವು 100 ಮಾತ್ರ ಆದದ್ದು. ಅಸಲಿ ಸ್ಟಾಂಪಿನ ಮೇಲೇ ನಕಲಿ ಅಚ್ಚು ಹಾಕಬಹುದಾದ್ದರಿಂದ, ಮೇಲೆ ಹೇಳಿದ ಎಲ್ಲ ಪರೀಕ್ಷೆ ಪಾಸಾದರೂ ಸಾಲದು. ಲಂಡನ್ನಿನ ರಾಯಲ್ ಫಿಲಾಟೆಲಿಕ್ ಸೊಸೈಟಿಯ ತಜ್ಞರ ಸಮಿತಿಯಂಥವರ ಪ್ರಮಾಣಪತ್ರ ಇಲ್ಲದೆ ದುಡ್ಡು ಕೊಡಬೇಡಿ.

ಪ್ರಶ್ನೆ (ಸಾಗರ): ರಾಣಿ ತಲೆಯ ಅರ್ಧ ಆಣೆ, ನೀಲಿ, ಅಂಚಿಗೆ ಹಲ್ಲೇ ಇಲ್ಲ. 1854ರದ್ದು ಅಂತ ಅಂಗಡಿಯವರು ಹೇಳಿದರು. ನಂಬಬಹುದಾ?

ಉತ್ತರ: ಮೊದಲು ಮೇಲಿನ ಬರಹ ಓದಿ. 1854ರ ಅರ್ಧ ಆಣೆಯಲ್ಲಿ ಮೇಲೆ ಇಂಗ್ಲಿಷಿನಲ್ಲಿ ‘ಇಂಡಿಯಾ’, ಕೆಳಗೆ ‘ಹಾಫ್ ಆಣಾ’ ಇಷ್ಟೇ. ‘ಈಸ್ಟ್ ಇಂಡಿಯಾ ಪೋಸ್ಟೇಜ್’ ಎಂದಿದ್ದರೆ ಅದು ಆಮೇಲೆ ಲಂಡನ್ನಿನ ಡೆಲಾರೂ ಕಂಪನಿ ಅಚ್ಚು ಹಾಕಿದ್ದು. ‘ಇಂಡಿಯಾ ಪೋಸ್ಟೇಜ್’ ಎಂದಿದ್ದರೆ 1882 ಅಥವಾ ಅದರಿಂದ ಈಚಿನದು. ಅವೆರಡಕ್ಕೂ ಹಲ್ಲಿತ್ತು. ಹಲ್ಲು ಕತ್ತರಿಸಿ ‘1854’ ಎಂದು ಮಾರುವುದು ಹಳೇ ಮೋಸ. ಬರಹ ಸರಿಯಿದ್ದರೆ ಮುಂದೆ ಹೋಗಿ: 1854ರದ್ದು ಕಲ್ಕತ್ತೆಯಲ್ಲಿ ಕಲ್ಲಚ್ಚಿನಲ್ಲಿ ಆದದ್ದು. ಶಾಯಿ ಚಪ್ಪಟೆಯಾಗಿ ಕೂತಿರುತ್ತದೆ, ಹಿಂಬದಿಗೆ ಒತ್ತು ಮೂಡಿರುವುದಿಲ್ಲ. ಡೆಲಾರೂ ಅವರದು ಉಬ್ಬಚ್ಚು, ಗೆರೆಯ ಅಂಚಿಗೆ ಶಾಯಿ ಒತ್ತರಿಸಿ ದಟ್ಟವಾಗಿರುತ್ತದೆ. 1854ರ ಹಾಳೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ದೊಡ್ಡ ಲಾಂಛನದ ವಾಟರ್‌ಮಾರ್ಕ್ ಇತ್ತು, ಒಂದೊಂದು ಸ್ಟಾಂಪಿಗೆ ಅದರ ತುಣುಕಷ್ಟೇ ಸಿಗುತ್ತದೆ. ಪೂರ್ತಿ ಚಿತ್ರ ಹುಡುಕಿ ನಿರಾಶರಾಗಬೇಡಿ.

ಪ್ರಶ್ನೆ (ಶಿಕಾರಿಪುರ): ಐದನೇ ಜಾರ್ಜ್ ರಾಜನ ಎರಡು ಸ್ಟಾಂಪು ಕಣ್ಣಿಗೆ ಒಂದೇ ಥರ ಇವೆ. ಕ್ಯಾಟಲಾಗಿನಲ್ಲಿ ಬೇರೆ ಬೇರೆ ನಂಬರ್ ಯಾಕೆ?

ಉತ್ತರ: ವಾಟರ್‌ಮಾರ್ಕ್. 1911ರಿಂದ ಬಂದವಕ್ಕೆ ಸ್ಟಾಂಪಿಗೆ ಒಂದು ನಕ್ಷತ್ರ, 1926ರಿಂದ ನಾಸಿಕ್‌ನಲ್ಲಿ ಅಚ್ಚಾದವಕ್ಕೆ ಮೈತುಂಬ ಚಿಕ್ಕ ಚಿಕ್ಕ ನಕ್ಷತ್ರಗಳು. ಕಪ್ಪು ತಟ್ಟೆಯಲ್ಲಿ ಸ್ಟಾಂಪನ್ನು ಬೋರಲು ಇಟ್ಟು, ಸಿಗರೇಟ್ ಲೈಟರಿಗೆ ತುಂಬುವ ದ್ರವ ನಾಲ್ಕೈದು ಹನಿ ಬಿಡಿ. ಕಾಗದ ತೆಳುವಾಗಿರುವ ಕಡೆ ಕಪ್ಪಾಗಿ ನಕ್ಷತ್ರ ಮೂಡುತ್ತದೆ, ಕೆಲವೇ ಸೆಕೆಂಡು. ಹಳೇ ರಿಪೇರಿ, ಸುಕ್ಕು, ಕೆರೆದು ತೆಳುವಾದ ಜಾಗ ಎಲ್ಲ ಆಗಲೇ ಬಯಲಾಗುತ್ತದೆ. ಕಿಟಕಿ ತೆರೆದಿರಲಿ, ಒಲೆ, ದೀಪ ಹತ್ತಿರ ಬೇಡ. ಸೀಮೆಎಣ್ಣೆ ಬಳಸಲೇಬೇಡಿ, ಎಣ್ಣೆ ಕಲೆ ಹೋಗುವುದಿಲ್ಲ.

ಪ್ರಶ್ನೆ (ಹೊಸನಗರ): ಜಮೀನಿನ ಹಳೇ ಕಾಗದಗಳಲ್ಲಿ ಗಂಡಭೇರುಂಡ ಇರುವ ಮೈಸೂರು ಸರ್ಕಾರದ ಸ್ಟಾಂಪುಗಳಿವೆ. ‘ಮೈಸೂರು ಸಂಸ್ಥಾನದ ಅಪರೂಪದ ಅಂಚೆಚೀಟಿ’ ಅಂತ ಒಬ್ಬರು ಕೇಳ್ತಿದ್ದಾರೆ.

ಉತ್ತರ: ಮೈಸೂರು ಸಂಸ್ಥಾನ ಅಂಚೆಚೀಟಿ ಹೊರಡಿಸಲೇ ಇಲ್ಲ. ಮೈಸೂರು ಅಂಚೆ ಎಂಬ ಸ್ವಂತ ವ್ಯವಸ್ಥೆ ಇತ್ತು, 1889ರಲ್ಲಿ ಅದು ಬ್ರಿಟಿಷ್ ಇಂಡಿಯಾದ ಅಂಚೆಯೊಳಗೆ ಸೇರಿತು. ಆ ಅಂಚೆಯ ಕಾಗದಗಳ ಮೇಲೆ ಸಿಗುವುದು ಕೈಠಸ್ಸೆ. ನಿಮ್ಮವು ಕೋರ್ಟ್ ಫೀ ಅಥವಾ ರೆವಿನ್ಯೂ ಸ್ಟಾಂಪು. ಅವಕ್ಕೂ ಸಂಗ್ರಾಹಕರಿದ್ದಾರೆ, ಆದರೆ ಬೆಲೆ ಇರುವುದು ಪೂರ್ತಿ ಪತ್ರಕ್ಕೆ. ಛಾಪಾ ಕಾಗದದಿಂದ ಕತ್ತರಿಸಿ ತೆಗೆದರೆ ಸ್ಟಾಂಪಿನ ಬೆಲೆಯೂ ಹೋಯಿತು, ನಿಮ್ಮ ದಾಖಲೆಯೂ ಹಾಳಾಯಿತು. ದಯವಿಟ್ಟು ಕತ್ತರಿ ಮುಟ್ಟಬೇಡಿ.

ಪ್ರಶ್ನೆ (ಶಿವಮೊಗ್ಗ): ಊರಿನ ಠಸ್ಸೆ ಇರುವ ಹಳೇ ಕವರುಗಳನ್ನು ಸಂಗ್ರಹಿಸುತ್ತೇನೆ. ಠಸ್ಸೆಯಲ್ಲೂ ನಕಲಿ ಇರುತ್ತಾ?

ಉತ್ತರ: ಧಾರಾಳವಾಗಿ. ಠಸ್ಸೆಯ ಗೆರೆ ಸ್ಟಾಂಪಿನಿಂದ ಕವರಿಗೆ ಒಂದೇ ಕಪ್ಪಿನಲ್ಲಿ ಮುಂದುವರಿಯಬೇಕು. ಸ್ಟಾಂಪಿನ ಮೇಲಷ್ಟೇ ಠಸ್ಸೆ ಇದ್ದು ಕವರಿಗೆ ತಾಗದಿದ್ದರೆ ಆಮೇಲೆ ಅಂಟಿಸಿರಬಹುದು. ದಿನಾಂಕ ಸ್ಟಾಂಪು ಬಂದ ದಿನಕ್ಕಿಂತ ಹಿಂದಿನದಾಗಿರಬಾರದು. ನಯೆ ಪೈಸೆ ಬಂದದ್ದು 1957ರ ಏಪ್ರಿಲ್ 1ರಂದು, ಪಿನ್‌ಕೋಡ್ 1972ರ ಆಗಸ್ಟ್ 15ರಂದು. 1965ರ ಕವರಿನ ಠಸ್ಸೆಯಲ್ಲಿ 577201 ಇದ್ದರೆ ಅದು ಸುಳ್ಳು. ಇಂಗ್ಲಿಷಿನಲ್ಲಿ ‘ಶಿಮೊಗ’ ಹೋಗಿ ‘ಶಿವಮೊಗ್ಗ’ ಆದದ್ದು 2014ರ ನವೆಂಬರ್ 1ರಿಂದ. ಬ್ರಿಟಿಷರ ಕಾಲದ ಠಸ್ಸೆಯಲ್ಲಿ ಇಂಗ್ಲಿಷಿನ ಹೊಸ ಕಾಗುಣಿತ ಇದ್ದರೆ ಕೈಬಿಡಿ.

ಪ್ರಶ್ನೆ (ಆಗುಂಬೆ): ನಮ್ಮ ಕಡೆ ಮಳೆಗೆ ಸ್ಟಾಂಪುಗಳು ಒಂದಕ್ಕೊಂದು ಅಂಟಿಕೊಂಡಿವೆ, ಬೂಷ್ಟು ಬೇರೆ.

ಉತ್ತರ: ಎಳೆಯಬೇಡಿ. ಗಾಳಿಯಾಡದ ಡಬ್ಬಿಯಲ್ಲಿ ಒದ್ದೆ ಸ್ಪಂಜು ಇಟ್ಟು, ಮೇಲೆ ಜಾಲರಿ ಇಟ್ಟು, ಅದರ ಮೇಲೆ ಸ್ಟಾಂಪುಗಳನ್ನು ಇಡಿ. ನೀರು ತಾಗಬಾರದು, ಪಸೆ ಮಾತ್ರ ತಾಗಬೇಕು. ಕೆಲವು ಗಂಟೆಗೊಮ್ಮೆ ನೋಡಿ, ತಾನಾಗಿ ಸಡಿಲವಾದಾಗ ಚಿಮುಟದಿಂದ ಬಿಡಿಸಿ. ಒಣಗಿದ ಮೇಲೆ ಬೂಷ್ಟನ್ನು ಮೆತ್ತನೆ ಬ್ರಷ್ಷಿನಿಂದ ತೆಗೆಯಿರಿ. ಬೆಚ್ಚಗಿರಲಿ ಎಂದು ಹೊಗೆ ಅಟ್ಟದಲ್ಲಿಟ್ಟರೆ ಕಾಗದ ಕಂದಾಗುತ್ತದೆ. ಮಳೆಗಾಲಕ್ಕೆ ಮುಂಚೆ ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಗೆ ಸೇರಿಸಿ, ಹಾಳೆಗಳ ನಡುವೆ ಗ್ಲಾಸಿನ್ ಕಾಗದ ಹಾಕಿ, ಪಿವಿಸಿ ಹಾಳೆಯ ಆಲ್ಬಮ್ ಬೇಡ.

ಮತ್ತೆ ತೀರ್ಥಹಳ್ಳಿಯಿಂದ: ಸರ್, ಲೂಪ್ ತರಿಸಿ ನೋಡಿದೆ. ಗಾಂಧೀಜಿ ಹಣೆಯ ಮೇಲೆ ಹಳದಿ, ತಿಳಿನೀಲಿ ಚುಕ್ಕಿ ಇವೆ. ತೂತು ಎಣಿಸಿದರೆ 13 ಬರುತ್ತದೆ.

ಉತ್ತರ: ಹಾಗಾದರೆ ನಕಲಿಯೇ, ಬೇಸರವಾಗುವುದು ಸಹಜ. ಎಸೆಯಬೇಡಿ. ಹಿಂಬದಿಯಲ್ಲಿ ಮೆದು ಪೆನ್ಸಿಲಿನಿಂದ ‘ನಕಲಿ, ಆಫ್‌ಸೆಟ್, 13’ ಎಂದು ಬರೆದು ಬೇರೆ ಕವರಿನಲ್ಲಿ ಇಡಿ. ಅದೇ ಸೆಟ್ಟಿನ ಒಂದೂವರೆ ಆಣೆಯ ಬಳಸಿದ ಸ್ಟಾಂಪು ಕಡಿಮೆ ದುಡ್ಡಿಗೆ ಸಿಗುತ್ತದೆ. ಅದೊಂದನ್ನು ಕೊಂಡು ಎರಡನ್ನೂ ಲೂಪಿನಡಿ ಅಕ್ಕಪಕ್ಕ ಇಟ್ಟು ನೋಡಿ, ಅಚ್ಚಿನ ವ್ಯತ್ಯಾಸ ಕಣ್ಣಿಗೆ ಕೂರುತ್ತದೆ.